ಭಾರವಿಲ್ಲದ ಹಗ್ಗ

ಹಾರವಾಡ, ಅಂಕೋಲಾ ತಾಲೂಕು
೧೪ ಅಕ್ಟೋಬರ್ ೨೦೨೪

ಭರತನಿಗೆ ನಾಗು ಮಾವನ ಆಶೀರ್ವಾದಗಳು.

ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಮುಕ್ಕಾಲು ಕ್ಷೇಮ ಎಂದು ಬರೆಯುತ್ತೇನೆ. ಉಳಿದ ಕಾಲು ಭಾಗ ನಿನಗೂ ನಿನ್ನ ವೈಜಯಂತಿ ಅತ್ತೆಗೂ ಬಿಟ್ಟರೆ ಈ ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆ ಬೆನ್ನು ನೋವು ಎಂದಿದ್ದೇನೆ.

ಫೋನ್ ಇರುವಾಗ ಮಾವ ಪತ್ರ ಯಾಕೆ ಬರೆದ ಎಂದು ನೀನು ಕದ್ರಾದ ಪವರ್ ಹೌಸಿನಲ್ಲಿ ಕುಳಿತು ನಗಬೇಡ. ನನ್ನ ಎಡಗಿವಿ ಕೇಳುವುದಿಲ್ಲ, ಬಲಗಿವಿ ಅರ್ಧ. ಸ್ಪೀಕರ್ ಹಾಕಿಯೇ ಮಾತಾಡಬೇಕು. ನನ್ನ ಪ್ರಾಸ್ಟೇಟಿನ ಸುದ್ದಿ ಬೇಲೆಕೇರಿ ಬಂದರಿನವರೆಗೆ ಹೋಗುತ್ತದೆ. ಅಲ್ಲದೆ ನಾನು ಏಳನೇ ಇಯತ್ತೆಯವರೆಗೆ ಓದಿದ್ದೇನೆ, ಅಕ್ಷರ ಚೆನ್ನಾಗಿದೆ ಎಂದು ಮಾಸ್ತರರು ಇಡೀ ಶಾಲೆಯ ಮುಂದೆ ಹೇಳಿದ್ದರು. ಆ ಅಕ್ಷರವನ್ನು ಇಷ್ಟು ವರ್ಷ ದೋಣಿಯ ಮೇಲೆ ಹೆಸರು ಬರೆಯಲು ಮಾತ್ರ ಉಪಯೋಗಿಸಿದೆ.

ಎಂಟನೇ ತಾರೀಖು ಕಾರವಾರದಲ್ಲಿ ಎರಡನೇ ಇಂಜೆಕ್ಷನ್ ಆಯಿತು. ರಕ್ತದ ನಂಬರು ಮೂವತ್ತೆಂಟರಿಂದ ಎರಡಕ್ಕೆ ಇಳಿದಿದೆ. ಡಾಕ್ಟರು ನನ್ನ ಬೆನ್ನು ತಟ್ಟಿದರು. ಎರಡು ನಂಬರು ತೆಗೆದು ಶಾಭಾಸ್ ಎನ್ನಿಸಿಕೊಂಡವನು ಅಂಕೋಲಾ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಆದರೆ ತಮಾ, ಗಡ್ಡೆಗೆ ಊಟ ಹಾಕುವುದು ಗಂಡಸಿನ ಹಾರ್ಮೋನು, ಅದನ್ನು ನಿಲ್ಲಿಸಿದರೆ ಗಡ್ಡೆ ಉಪವಾಸ ಬೀಳುತ್ತದೆ ಎಂದು ಡಾಕ್ಟರು ಹೇಳಿದಾಗ ನೀನು ಪಕ್ಕದಲ್ಲೇ ಇದ್ದೆ. ಗಡ್ಡೆಯ ಜೊತೆ ನಾನೂ ಉಪವಾಸ ಬೀಳುತ್ತೇನೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ. ತೋಳು ಬಳ್ಳಿಯ ಹಾಗೆ ಆಗಿದೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಎದೆಗೆ ಅಂಗಿ ತಾಗಿದರೆ ನೋವು. ಮಧ್ಯಾಹ್ನ ಬಂಗಡೆ ಸಾರು ಉಣ್ಣುತ್ತ ಕುಳಿತಾಗ ಎದೆಯಿಂದ ನೆತ್ತಿಯವರೆಗೆ ಯಾರೋ ಕೆಂಡ ಸುರಿದ ಹಾಗಾಗುತ್ತದೆ, ಬನಿಯನ್ನು ಒದ್ದೆ. ನಿನ್ನ ಅತ್ತೆ ಎದ್ದು ಬೀಸಣಿಗೆ ತಂದು ಆಚೆ ನೋಡುತ್ತ ಗಾಳಿ ಹಾಕುತ್ತಾಳೆ. ಏನೂ ಕೇಳುವುದಿಲ್ಲ. ಬೇರೆ ವಿಷಯಗಳನ್ನೂ ಅವಳು ಈಗ ಕೇಳುವುದಿಲ್ಲ.

ಡಾಕ್ಟರು ನನ್ನನ್ನು ನೀತಾ ಎಂಬ ಹುಡುಗಿಯ ಹತ್ತಿರ ಕಳಿಸಿದರು. ವ್ಯಾಯಾಮ ಕಲಿಸುವವಳು. ಹಿಲ್ಲೂರಿನ ಕಾಡಿನವಳು, ಸಮುದ್ರ ನೋಡಿದ್ದೇ ಹತ್ತನೇ ತರಗತಿಯಲ್ಲಂತೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕೈ ಎದೆಗೆ ಕಟ್ಟಿಸಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದಳು. ಒಂಬತ್ತು ಸಲ. ಕುರ್ಚಿ ತಗ್ಗು ಎಂದು ನಾನು ಜಗಳ ತೆಗೆದೆ. ಅವಳು ನಕ್ಕು ಒಂದು ಕೆಂಪು ರಬ್ಬರ್ ಪಟ್ಟಿ ಕೊಟ್ಟಳು. ಅದನ್ನು ಕಂಬಕ್ಕೆ ಕಟ್ಟಿ ಎಳೆಯಬೇಕಂತೆ, ಚುರುಕಾಗಿ ನಡೆಯಬೇಕಂತೆ, ಕುರ್ಚಿಯಿಂದ ಎದ್ದು ಕೂರಬೇಕಂತೆ. ಇಂಜೆಕ್ಷನ್ ತಿನ್ನುವ ಮಾಂಸವನ್ನು ಕಾಯಲು ಅದೊಂದೇ ದಾರಿಯಂತೆ.

ಮೂವತ್ತು ವರ್ಷ ಏಂಡಿ ಬಲೆಯ ತಾಂಡೇಲನಾಗಿ ಇಡೀ ತಂಡವನ್ನು ನಡೆಸಿದವನು ರಬ್ಬರ್ ಎಳೆಯುವುದೇ? ನಾನೇ ಅವಳಿಗೆ ಪಾಠ ಮಾಡಿದೆ. ದೋಣಿ ಹೋಗಿ ಸಮುದ್ರದಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗ ದಂಡೆಗೆ ಬರುತ್ತದೆ, ಒಂದೊಂದು ಹಗ್ಗಕ್ಕೆ ಹದಿನೈದು ಜನ ಸೊಂಟದ ಪಟ್ಟಿ ಸಿಕ್ಕಿಸಿ ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಾರೆ, ಇದಕ್ಕಿಂತ ವ್ಯಾಯಾಮ ನಿಮ್ಮ ಪುಸ್ತಕದಲ್ಲಿ ಇದೆಯೇ ಎಂದೆ. ಅವಳು ಪೆನ್ನು ಕಚ್ಚುತ್ತ ಕೇಳಿದಳು. ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದಳು. ಅವಳು ಕೇಳುವಷ್ಟರಲ್ಲಿ ನಾನು ಹಗ್ಗ ಹಿಡಿದಿರುತ್ತೇನೆ.

ಮೂರನೇ ಇಂಜೆಕ್ಷನ್ ಜನವರಿ ಏಳಕ್ಕೆ. ಕಾರು ತರಬೇಕು ನೀನು.

ಇನ್ನೂ ಗಟ್ಟಿಯಾಗಿರುವ
ನಿನ್ನ ನಾಗು ಮಾವ


ಕದ್ರಾ
೨೫ ಅಕ್ಟೋಬರ್ ೨೦೨೪

ತೀರ್ಥರೂಪ ಮಾವನಿಗೆ ಭರತನ ನಮಸ್ಕಾರಗಳು.

ಪತ್ರ ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಬರಲಿಲ್ಲ.

ಹಗ್ಗಕ್ಕೆ ಹೋಗಬೇಡ ಎಂದರೆ ನೀನು ನಾಳೆಯೇ ಹೋಗುತ್ತೀಯ. ಅದಕ್ಕೆ ಹೇಳುವುದಿಲ್ಲ. ಆದರೆ ಈ ಇಂಜೆಕ್ಷನ್ನಿನಿಂದ ಎಲುಬು ಸವೆಯುತ್ತದೆ ಎಂದು ಫೋನಿನಲ್ಲಿ ಓದಿದ್ದೇನೆ. ಒಮ್ಮೆ ಬಿದ್ದು ಸೊಂಟ ಮುರಿದರೆ ಮುಂದಿನದನ್ನು ನಾನು ಯೋಚಿಸಲಾರೆ. ಆ ಕೆಂಪು ಪಟ್ಟಿಯನ್ನೇ ಎಳೆ. ಏನೇ ಆದರೂ ಹಗ್ಗ ಹಿಡಿಯುತ್ತೀಯ ಎಂದಾದರೆ ತುಳಸಿದಾಸಣ್ಣನ ಹಿಂದೆಯೇ ನಿಲ್ಲು. ಬೇರೆ ಎಲ್ಲೂ ಬೇಡ.

ಜನವರಿ ಏಳಕ್ಕೆ ರಜೆ ಹಾಕಿದ್ದೇನೆ.

ಇಂತಿ
ಭರತ


ಹಾರವಾಡ
೨೦ ನವೆಂಬರ್ ೨೦೨೪

ಭರತನಿಗೆ ಮಾವನಿಂದ.

ನಿನ್ನ ಮಾತು ಕೇಳಿದ್ದೇನೆ, ಬರೆದಿಟ್ಟುಕೋ, ಇಂಥದ್ದು ಮತ್ತೆ ಆಗುವುದಿಲ್ಲ. ತುಳಸಿದಾಸನ ಹಿಂದೆಯೇ ನಿಂತಿದ್ದೇನೆ. ಅವನಿಗೆ ಹಗ್ಗ ಹಿಡಿಯುವುದನ್ನು ಕಲಿಸಿದ್ದು ನಾನು, ಈಗ ಅವನೇ ತಾಂಡೇಲ. ನಾನು ದಂಡೆಗೆ ಬಂದ ದಿನ ಅವನೇ ಓಡಿ ಬಂದು ಸಾಲಿನ ಕೊನೆಯ ಜಾಗ ತೋರಿಸಿದ. ಮುದುಕ ತಾಂಡೇಲರಿಗೆ ಆ ಜಾಗ ಕೊಡುವುದು ನಮ್ಮಲ್ಲಿ ಪದ್ಧತಿ. ಎಳೆಯುತ್ತ ಎಳೆಯುತ್ತ ಬಂದ ಹಗ್ಗವನ್ನು ಸುತ್ತಿಡುವುದೂ ಆ ಕೊನೆಯವನದೇ ಕೆಲಸ, ಮೀನಿನಲ್ಲಿ ಪೂರ್ತಿ ಪಾಲು.

ಈಗ ವಾರಕ್ಕೆ ಐದು ದಿನ ಹೋಗುತ್ತಿದ್ದೇನೆ. ನಿನ್ನೆ ತಾರ್ಲೆ ಮೀನು ಹೇಗೆ ಬಿತ್ತು ಎಂದರೆ ಬಲೆಯ ಹೊಟ್ಟೆ ದಂಡೆಗೆ ಬರುವಷ್ಟರಲ್ಲಿ ಹುಡುಗರು ಏದುಸಿರು ಬಿಡುತ್ತಿದ್ದರು. ನನಗೆ ಬೆವರೇ ಇಲ್ಲ. ಇಷ್ಟು ದಿನ ಎಳೆದರೂ ಅಂಗೈಯಲ್ಲಿ ಒಂದು ಗುಳ್ಳೆ ಎದ್ದಿಲ್ಲ ನೋಡು, ಅಷ್ಟು ಗಟ್ಟಿ ಚರ್ಮ. ಗಂಗಿಗೆ ಕೈ ತೋರಿಸಿದೆ. ನೆನಪಿರಬೇಕು ನಿನಗೆ, ಬುಟ್ಟಿ ಹಿಡಿದುಕೊಂಡು ಮೀನಿಗೆ ಕಾಯುತ್ತ ಕೂರುವ ಗಂಗಿ, ನಿನ್ನ ಅತ್ತೆಗೆ ದೂರದ ತಂಗಿಯಾಗಬೇಕು. ಅವಳು ಏನೂ ಹೇಳಲಿಲ್ಲ. ಗಂಗಿ ಏನೂ ಹೇಳದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಕೆಂಪು ರಬ್ಬರ್ ಪಟ್ಟಿ ವ್ಯರ್ಥವಾಗಿಲ್ಲ. ನಿನ್ನ ಅತ್ತೆ ಅದರಿಂದ ಕೋಳಿಗೂಡಿನ ಬಾಗಿಲು ಕಟ್ಟಿದ್ದಾಳೆ. ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಕೋಳಿಗಳಿಗೆ ಒಳ್ಳೆಯ ವ್ಯಾಯಾಮ.

ಡಿಸೆಂಬರ್ ಹತ್ತೊಂಬತ್ತಕ್ಕೆ ನೀತಾ ಮತ್ತೆ ಕುರ್ಚಿ ಪರೀಕ್ಷೆ ಇಟ್ಟಿದ್ದಾಳೆ. ಹದಿನಾರು ಸಲ ಎದ್ದು ಕೂತು ಅವಳ ಕುರ್ಚಿಯನ್ನೇ ಮುರಿದು ಬರುತ್ತೇನೆ.

ಏಂಡಿಯ ಹುಲಿ
ನಾಗು ಮಾವ


ಹಾರವಾಡ
೨೪ ಡಿಸೆಂಬರ್ ೨೦೨೪

ಭರತ,

ಏಳು ಸಲ.

ಅಕ್ಟೋಬರಿನಲ್ಲಿ ಒಂಬತ್ತು, ಈಗ ಏಳು. ಎಂಟನೆಯದಕ್ಕೆ ಏಳಲಾಗದೆ ಕುರ್ಚಿಯ ಕೈ ಹಿಡಿದೆ. ನೀತಾ ಬೈಯಲಿಲ್ಲ. ಎರಡು ತಿಂಗಳು ಹಗ್ಗ ಎಳೆದವರಿಗೆ ಹೀಗಾಗುವುದಿಲ್ಲ ಎಂದಳು. ಎಲುಬಿನ ಸ್ಕ್ಯಾನ್ ಚೆನ್ನಾಗಿದೆ, ಡಾಕ್ಟರೂ ಒಪ್ಪಿದ್ದಾರೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಭಾರ ಎಳೆಯಬಹುದು, ಎಳೆಯಲೇ ಬೇಕು, ಸ್ನಾಯುವಿಗೂ ಎಲುಬಿಗೂ ಭಾರವೇ ಬೇಕು ಎಂದಳು. ಆಮೇಲೆ ಕೈ ತೋರಿಸಿ ಎಂದಳು. ತೋರಿಸಿದೆ. ನನ್ನ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಬಿಟ್ಟಳು. ಹಿಲ್ಲೂರಿನವಳಿಗೆ ಸಮುದ್ರ ಗೊತ್ತಿಲ್ಲದಿರಬಹುದು. ಕತ್ತಿ ಹಿಡಿದವರ ಕೈ, ಹಿಡಿಯದವರ ಕೈ ಗೊತ್ತಿರುತ್ತದೆ.

ಮರುದಿನ ದಂಡೆಗೆ ಹೋದೆ. ಹುಡುಗರು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಎಳೆಯುತ್ತಿದ್ದರು. ಗಂಗಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ಕಡೆಗೆ ಅವಳಿಂದ ತಡೆಯಲಾಗಲಿಲ್ಲ.

"ಭಾವಾ, ಆ ತುದಿ ನಿಂಗೆ ಬೇಕಾ? ಬೇಡಾದ್ರೆ ನಂಗೆ ಕೊಡು. ಸೀರೆ ಒಣಗ್ಸೂಕಾದ್ರೂ ಆಗ್ತದೆ."

ಯಾರೂ ನಗಲಿಲ್ಲ. ಆಗ ನನಗೆ ಗೊತ್ತಾಯಿತು, ಎಲ್ಲರಿಗೂ ಗೊತ್ತಿದೆ ಎಂದು. ತುಳಸಿದಾಸನ ಸೊಂಟದ ಪಟ್ಟಿ ನೋಡಿದೆ. ಎರಡು ಸುತ್ತು ಹಾಕಿ ಹಗ್ಗವನ್ನು ಅಲ್ಲಿಯೇ ಬಿಗಿದಿದ್ದ. ಭಾರವೆಲ್ಲ ಅವನಲ್ಲೇ ಮುಗಿಯುತ್ತಿತ್ತು. ಅವನ ಹಿಂದೆ ನನ್ನ ಕೈಯಲ್ಲಿ ಇದ್ದದ್ದು ಬರೀ ಒದ್ದೆ ಹಗ್ಗ.

ಬಲೆ ಮೇಲೆ ಬಂದ ನಂತರ ಅವನನ್ನು ಕೇಳಿದೆ. ತುಳಸಿದಾಸನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದನ್ನು ನಾನು ಅವನಿಗೆ ಕಲಿಸಲಿಲ್ಲ.

"ಭರತ ಫೋನ್ ಮಾಡಿದ್ದ, ಅಣ್ಣಾ. ಮಾವಂಗೆ ಹಿಂಗಿಂಗೆ ಕಾಯಿಲೆ, ಎಲುಬು ಮೆತ್ತಗಾಗ್ತದೆ, ಭಾರ ಬೀಳೂಕೆ ಬಿಡಬೇಡ ಅಂದ. ನಾ ಹೆಂಗೆ ಬಿಡ್ಲಿ ಹೇಳು."

ಯಾರಿಗೂ ಹೇಳುವುದಿಲ್ಲ ಎಂದು ನೀನು ಮಾತು ಕೊಟ್ಟಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಕೊಟ್ಟಿದ್ದೆ. ಎರಡು ತಿಂಗಳಿಂದ ಇಡೀ ದಂಡೆ ನನ್ನ ಮುಂದೆ ಬೆನ್ನು ನೋವು ಹೇಗಿದೆ ಎಂದು ಕೇಳಿದೆ, ಹಿಂದೆ ನನ್ನ ಪಾಲಿನ ಭಾರ ಹೊತ್ತಿದೆ, ಸಂಜೆ ಪೂರ್ತಿ ಪಾಲು ಮೀನು ಕೊಟ್ಟು ಕಳಿಸಿದೆ. ನಾನು ಅದನ್ನು ಎತ್ತಿಕೊಂಡು ಎದೆ ಉಬ್ಬಿಸಿ ಮನೆಗೆ ಬಂದಿದ್ದೇನೆ.

ಜನವರಿ ಏಳಕ್ಕೆ ಕಾರು ತರಬೇಡ. ನಾನು ಹೋಗುವುದಿಲ್ಲ. ಈ ಇಂಜೆಕ್ಷನ್ನಿನಿಂದ ಬದುಕುವುದು ಹೀಗೆ, ಹಗ್ಗದ ಖಾಲಿ ತುದಿ ಹಿಡಿದುಕೊಂಡು ಎಂದಾದರೆ, ಗಡ್ಡೆಯಾದರೂ ಹೊಟ್ಟೆ ತುಂಬ ಉಣ್ಣಲಿ.

ನಾಗು


ಕದ್ರಾ
೩೦ ಡಿಸೆಂಬರ್ ೨೦೨೪

ಮಾವನಿಗೆ,

ಫೋನ್ ಮಾಡಿದರೆ ಅತ್ತೆ ಎತ್ತುತ್ತಾಳೆ, ಮಲಗಿದ್ದಾನೆ ಎನ್ನುತ್ತಾಳೆ. ಹಗಲು ಹನ್ನೊಂದಕ್ಕೆ ನೀನು ಮಲಗುವವನಲ್ಲ.

ತಪ್ಪು ನನ್ನದು. ತುಳಸಿದಾಸಣ್ಣನನ್ನು ಬಯ್ಯಬೇಡ. ನಿನ್ನ ಮೊದಲ ಪತ್ರ ಬಂದ ದಿನವೇ ಅವನಿಗೆ ಫೋನ್ ಮಾಡಿದೆ. ನೀತಾ ಅವರನ್ನು ಕೇಳಬೇಕಿತ್ತು, ಕೇಳಲಿಲ್ಲ. ಭಾರ ಬಿದ್ದರೆ ನೀನು ಮುರಿಯುತ್ತೀಯ ಎಂದು ಹೆದರಿದೆ. ಭಾರವೇ ಔಷಧ ಎಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಅಪ್ಪ ತೀರಿಕೊಂಡ ವರ್ಷ ನಾನು ಹಾರವಾಡದಲ್ಲಿ ನಿಮ್ಮ ಮನೆಯಲ್ಲೇ ಇದ್ದೆ. ಹತ್ತು ವರ್ಷ ನನಗೆ. ನೀನು ದಿನಾ ನನ್ನನ್ನು ಹಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನೀನು ಮುಂದೆ, ನಾನು ನಿನ್ನ ಹಿಂದೆ. ನಾನೇ ಬಲೆ ಎಳೆದು ತಂದೆ ಎಂದು ಅಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೆ ಒಂದು ದಿನ ಹೊಳೆಯಿತು, ನೀನು ಹಗ್ಗವನ್ನು ನಿನ್ನ ಸೊಂಟದಲ್ಲೇ ಬಿಗಿದುಕೊಳ್ಳುತ್ತಿದ್ದೆ ಎಂದು. ಅದನ್ನು ನಾನು ಯಾವತ್ತೂ ನಿನ್ನ ಹತ್ತಿರ ಹೇಳಲಿಲ್ಲ. ಅದರಷ್ಟು ಒಳ್ಳೆಯದನ್ನು ನನಗೆ ಯಾರೂ ಮಾಡಿಲ್ಲ. ಅದನ್ನೇ ನಿನಗೆ ತಿರುಗಿ ಮಾಡಲು ಹೋದೆ.

ಏಳನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಕಾರು ತಂದು ಹೆದ್ದಾರಿಯ ತಿರುವಿನಲ್ಲಿ ನಿಲ್ಲಿಸುತ್ತೇನೆ. ಮನೆಗೆ ಬರುವುದಿಲ್ಲ. ನನ್ನ ಮೇಲಿನ ಸಿಟ್ಟನ್ನು ಆ ಇಂಜೆಕ್ಷನ್ನಿನ ಮೇಲೆ ತೀರಿಸಬೇಡ. ಬೇಕಾದರೆ ಹಿಂದಿನ ಸೀಟಿನಲ್ಲಿ ಕೂತು ಕಾರವಾರದವರೆಗೂ ಒಂದು ಮಾತೂ ಆಡದೆ ಬಾ.

ಭರತ


ಹಾರವಾಡ
೯ ಜನವರಿ ೨೦೨೫

ಚಿರಂಜೀವಿ ಭರತನಿಗೆ,

ಹೆದ್ದಾರಿಯ ತಿರುವಿನಲ್ಲಿ ನೀನು ಹನ್ನೊಂದರವರೆಗೆ ಕಾದಿದ್ದೆಯಂತೆ. ಬಸ್ಸಿನ ಕಿಟಕಿಯಿಂದ ನಿನ್ನ ಕಾರು ಕಂಡಿತು. ನೀನು ಬಾನೆಟ್ಟಿಗೆ ಒರಗಿ ಕೇರಿಯ ದಾರಿಯನ್ನೇ ನೋಡುತ್ತ ನಿಂತಿದ್ದೆ. ಕರೆಯಬಹುದಿತ್ತು. ಸ್ವಲ್ಪ ಕಾಯಲಿ ಎನ್ನಿಸಿತು. ನಿನ್ನ ಅತ್ತೆ ಪಕ್ಕದ ಸೀಟಿನಲ್ಲಿದ್ದಳು, ನನ್ನ ತೊಡೆ ಚಿವುಟಿದಳು. ಇಂಜೆಕ್ಷನ್ನಿಗಿಂತ ಅದೇ ನೋವು.

ಹೌದು, ತೆಗೆದುಕೊಂಡೆ. ಹೇಗೆ ಎಂದು ಹೇಳುತ್ತೇನೆ, ಓದು.

ನಿನ್ನ ಪತ್ರ ಮೂರನೇ ತಾರೀಖು ಬಂತು. ಅಂಗಳದಲ್ಲಿ ಕುಳಿತು ಓದಿದೆ. ಒಂದು ಸತ್ಯ ಹೇಳಬೇಕು, ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ. ಗಂಗಿ ಹೇಳುವವರೆಗೆ ಹಗ್ಗ ಖಾಲಿ ಎಂದು ನನಗೆ ಗೊತ್ತಿರಲಿಲ್ಲ ಎಂದು ನೀನು ನಂಬಿದೆಯಾ? ಮೂವತ್ತು ವರ್ಷ ತಾಂಡೇಲನಾಗಿದ್ದವನಿಗೆ? ಬಲೆಯಲ್ಲಿ ಬಂಗಡೆಯೋ ತಾರ್ಲೆಯೋ ಎಂದು ಹಗ್ಗ ಮುಟ್ಟಿ ಹೇಳುತ್ತಿದ್ದವನು ನಾನು. ಮೊದಲ ದಿನವೇ ನನ್ನ ಅಂಗೈಗೆ ಗೊತ್ತಾಗಿತ್ತು. ಬಾಯಿ ಅದನ್ನು ಮುಚ್ಚಿ ಹಾಕಿತು. ನಿನ್ನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನದೇ.

ನಾಲ್ಕನೇ ತಾರೀಖು ಬೆಳಿಗ್ಗೆ ದಂಡೆಗೆ ಹೋದೆ. ಬಲೆ ಬಿಟ್ಟಾಗಿತ್ತು, ಹಗ್ಗ ಹಿಡಿಯುವುದಿತ್ತು. ನನ್ನ ಜಾಗಕ್ಕೆ ಹೋಗದೆ ಎಲ್ಲರ ಎದುರು ನಿಂತೆ. ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ, ಅರ್ಧ ಮರೆತುಹೋಯಿತು.

"ನಂಗೆ ಬೆನ್ನು ನೋವಲ್ಲ," ಎಂದೆ. "ಪ್ರಾಸ್ಟೇಟಿನ ಕ್ಯಾನ್ಸರ್. ನಿಮ್ಗೆ ಗೊತ್ತದೆ ಅಂತ ನಂಗೂ ಗೊತ್ತದೆ. ಮೂರು ತಿಂಗಳಿಗೊಂದು ಇಂಜೆಕ್ಷನ್. ಅದು ಗಡ್ಡೆ ಒಣಗಿಸ್ತದೆ, ಗಂಡಸಿನ ಕಸುವೂ ಒಣಗಿಸ್ತದೆ, ಮೈಯ ಮಾಂಸನೂ ತಿಂತದೆ. ಭಾರ ಎಳೆದ್ರೆ ಮಾಂಸ ಉಳೀತದೆ ಅಂದಾರೆ. ನನ್ನ ಪಾಲಿನ ಭಾರ ನೀವು ಎಳೆದ್ರೆ ನನ್ನ ಮಾಂಸನೂ ನಿಮ್ಗೇ ಹೋತದೆ. ಅದನ್ನ ಕೊಡಿ ನಂಗೆ."

ಗೊತ್ತಿದ್ದವರೇ ಎಲ್ಲರೂ. ಆದರೂ ನನ್ನ ಬಾಯಿಂದ ಕೇಳಿದಾಗ ಒಬ್ಬೊಬ್ಬರೂ ತಮ್ಮ ತಮ್ಮ ಕಾಲಿನ ಬುಡದ ಮರಳು ನೋಡಿದರು. ತುಳಸಿದಾಸ ಪಟ್ಟಿಯನ್ನು ಸೊಂಟಕ್ಕೆ ಕಟ್ಟುತ್ತ, ಬಿಚ್ಚುತ್ತ ನಿಂತಿದ್ದ. ಎರಡು ಸುತ್ತು ಬೇಡ, ಒಂದೇ ಹಾಕು ಎಂದೆ. ನೀನು ಬಿದ್ರೆ ಅಣ್ಣಾ ಎಂದ. ಬಿದ್ರೆ ಮರಳು ಎಂದೆ. ಅವನು ಒಪ್ಪಲಿಲ್ಲ. ಆಗ ಗಂಗಿ ಬುಟ್ಟಿ ಬಿಟ್ಟು ಎದ್ದು ಬಂದು ಅವನ ಪಟ್ಟಿಯ ಒಂದು ಸುತ್ತನ್ನು ತಾನೇ ಕಿತ್ತು ತೆಗೆದಳು.

ಹಗ್ಗ ಬಿಗಿಯಾಯಿತು. ತಮಾ, ನನ್ನ ಸೊಂಟಕ್ಕೆ ಸಮುದ್ರ ಕೈ ಹಾಕಿ ಎಳೆದ ಹಾಗಾಯಿತು. ಎರಡು ಹೆಜ್ಜೆ ಹಿಂದಕ್ಕೆ ಹೋಗಬೇಕಾದವನು ಎರಡು ಹೆಜ್ಜೆ ಮುಂದೆ ಹೋದೆ. ಆಮೇಲೆ ಕಾಲು ಮಡಚಿ ಮರಳಿನ ಮೇಲೆ ಕುಳಿತುಬಿಟ್ಟೆ. ಯಾರೂ ಎಬ್ಬಿಸಲು ಬರಲಿಲ್ಲ. ಬರಬೇಡಿ ಎಂದು ನಾನು ಹೇಳಿರಲಿಲ್ಲ, ಅವರೇ ಬರಲಿಲ್ಲ. ಅದಕ್ಕೆ ಅವರಿಗೆ ನಾನು ಋಣಿ. ನೀತಾಳ ಕುರ್ಚಿ ನೆನಪಾಯಿತು. ಕೈ ಊರದೆ ಎದ್ದೆ. ಮತ್ತೆ ಒರಗಿದೆ. ಇಪ್ಪತ್ತಮೂರು ಹೆಜ್ಜೆ ಎಳೆದೆ, ಅಲ್ಲಿಗೆ ಪಟ್ಟಿ ಬಿಚ್ಚಿ ಪಕ್ಕಕ್ಕೆ ಬಂದೆ. ಹಿಂದಿನ ನಾಗುವಾಗಿದ್ದರೆ ನಿನಗೆ ಇನ್ನೂರು ಎಂದು ಬರೆಯುತ್ತಿದ್ದ.

ಬಲಗೈಯಲ್ಲಿ ಎರಡು ಗುಳ್ಳೆ ಎದ್ದವು. ಏಳನೇ ತಾರೀಖು ಅವನ್ನೇ ಸರ್ಟಿಫಿಕೇಟಿನ ಹಾಗೆ ನೀತಾಳ ಮೇಜಿನ ಮೇಲೆ ಇಟ್ಟೆ. ಅವಳು ಈ ಸಲ ನಿಜವಾಗಿ ಬೈದಳು. ವಾರಕ್ಕೆ ಮೂರೇ ದಿನ ಹಗ್ಗ, ನಡುವೆ ಒಂದು ದಿನ ಬಿಡಬೇಕು, ಹತ್ತು ಹೆಜ್ಜೆಯಿಂದ ಶುರು ಮಾಡಿ ವಾರಕ್ಕೆ ಐದು ಹೆಚ್ಚಿಸಬೇಕು, ಎಲುಬಿನಲ್ಲಿ ನೋವು ಬಂದರೆ ನಿಲ್ಲಿಸಿ ಅವಳಿಗೆ ಹೇಳಬೇಕು, ಹಗ್ಗವಿಲ್ಲದ ದಿನ ಕುರ್ಚಿ ಮತ್ತು ನಡಿಗೆ. ಕೆಂಪು ಪಟ್ಟಿಯನ್ನು ಕೋಳಿಗಳಿಂದ ವಾಪಸು ಪಡೆದಿದ್ದೇನೆ. ಸಂಜೆ ನಡೆಯಲು ನಿನ್ನ ಅತ್ತೆಯೂ ಬರುತ್ತಾಳೆ. ದಂಡೆಯ ಮೇಲೆ ನನ್ನ ಎಡಗಿವಿಯ ಬದಿಗೇ ನಡೆಯುತ್ತ ಏನೇನೋ ಹೇಳುತ್ತಿರುತ್ತಾಳೆ. ಕೇಳದ ಕಿವಿಗೆ ಹೇಳುವ ಮಾತನ್ನು ನಾನು ನಿಲ್ಲಿಸುವುದಿಲ್ಲ. ಅವಳೊಳಗೂ ಮೂರು ನಾಲ್ಕು ತಿಂಗಳಿನ ಆಡದ ಮಾತು ಸೇರಿಕೊಂಡಿರಬೇಕು.

ಈಗ ನಿನ್ನ ವಿಷಯ. ನೀನು ಬರೆದದ್ದು ನಿಜ, ಹಗ್ಗವನ್ನು ನನ್ನ ಸೊಂಟದಲ್ಲಿ ಬಿಗಿದುಕೊಳ್ಳುತ್ತಿದ್ದೆ. ಅಪ್ಪ ಹೋದ ಹುಡುಗ, ಸ್ವಲ್ಪ ದಿನ ಹಗುರ ಇರಲಿ ಎಂದು. ಆದರೆ ನಿನಗೆ ಅರ್ಧವೇ ನೆನಪಿದೆ. ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಿನ್ನ ಅಂಗೈಯ ಚರ್ಮ ಸುಲಿದು, ಅಳುತ್ತ ಮನೆಗೆ ಓಡಿ, ನಿನ್ನ ಅತ್ತೆಯಿಂದ ತೆಂಗಿನೆಣ್ಣೆ ಹಚ್ಚಿಸಿಕೊಂಡೆ. ಮೀನು ಜಾಸ್ತಿ ಬಿದ್ದಿತ್ತು, ಅದಕ್ಕೆ ಎಂದು ನೀನು ತಿಳಿದಿದ್ದೆ. ಅಲ್ಲ. ಅವತ್ತು ನಾನು ಬಿಗಿದಿರಲಿಲ್ಲ. ಮರುದಿನ ನೀನು ಬರುವುದಿಲ್ಲ ಎಂದು ಹೆದರಿಕೊಂಡು ನಿಂತಿದ್ದೆ. ಕೈಗೆ ಬಟ್ಟೆ ಸುತ್ತಿಕೊಂಡು ಬಂದೆ ನೀನು.

ನಾನೂ ಬಟ್ಟೆ ಸುತ್ತಿಕೊಂಡಿದ್ದೇನೆ ಈಗ.

ನಿನ್ನ
ನಾಗು ಮಾವ


ಹಾರವಾಡ
೧೦ ಏಪ್ರಿಲ್ ೨೦೨೫

ಭರತನಿಗೆ ಆಶೀರ್ವಾದ.

ನಾಲ್ಕನೇ ಇಂಜೆಕ್ಷನ್ ಆಯಿತು. ರಕ್ತದ ನಂಬರು ಒಂದಕ್ಕೂ ಕೆಳಗೆ. ಕುರ್ಚಿಯಲ್ಲಿ ಹತ್ತು. ಹದಿನಾಲ್ಕು ಎಂದು ಬರೆಯಲು ಪೆನ್ನು ಹೋಗಿತ್ತು, ಹಿಡಿದು ತಂದೆ. ನೀತಾ ಹತ್ತಕ್ಕೇ ಎದ್ದು ನಿಂತು ಕೈ ಕುಲುಕಿದಳು.

ಕೆಂಡ ಸುರಿಯುವುದು ನಿಂತಿಲ್ಲ. ಎದೆಯ ನೋವೂ ಇದೆ. ಕೆಲವು ದಿನ ಬೆಳಿಗ್ಗೆ ಎದ್ದರೆ ಏನೂ ಬೇಡ ಎನ್ನಿಸುತ್ತದೆ. ಅಂಥ ದಿನ ತುಳಸಿದಾಸ ಅಂಗಳದಲ್ಲಿ ನಿಂತು ಸೊಂಟದ ಪಟ್ಟಿಯನ್ನು ಕಂಬಕ್ಕೆ ಹೊಡೆಯುತ್ತಾನೆ, ಕರೆಯುವುದಿಲ್ಲ. ಹೋಗುತ್ತೇನೆ. ಮೊನ್ನೆ ಅರವತ್ತು ಹೆಜ್ಜೆ. ಗಂಗಿ ಎಣಿಸಿದಳು, ಹಾಗಾಗಿ ಸುಳ್ಳಲ್ಲ.

ಮೂರು ತಿಂಗಳು ನೀನು ದುಡ್ಡು, ಔಷಧ, ಕಲ್ಲಂಗಡಿ ಎಲ್ಲ ಕಳಿಸಿದೆ, ನೀನು ಮಾತ್ರ ಬರಲಿಲ್ಲ. ಕಾಯಿಸಿದ್ದಕ್ಕೆ ಸಿಟ್ಟೋ, ಮುಖ ತೋರಿಸಲು ನಾಚಿಕೆಯೋ? ಎರಡೂ ಸಾಕು. ಮಳೆಗೆ ಮುಂಚೆ ಏಂಡಿ ಇನ್ನು ಸ್ವಲ್ಪ ದಿನ ಮಾತ್ರ. ಇಪ್ಪತ್ತನೇ ತಾರೀಖು ಭಾನುವಾರ ಬೆಳಿಗ್ಗೆ ಆರಕ್ಕೆ ದಂಡೆಗೆ ಬಾ.

ತುಳಸಿದಾಸನಿಗೆ ಹೇಳಿದ್ದೇನೆ, ಅವನು ಇನ್ನೊಂದು ಹಗ್ಗಕ್ಕೆ ಹೋಗುತ್ತಾನೆ. ನೀನು ನನ್ನ ಮುಂದೆ ನಿಲ್ಲಬೇಕು, ಅವನು ನಿಲ್ಲುತ್ತಿದ್ದ ಜಾಗದಲ್ಲಿ. ಪಟ್ಟಿ ಒಂದೇ ಸುತ್ತು. ಎಷ್ಟು ಬಿಗಿಯುತ್ತೀಯ, ಎಷ್ಟು ಬಿಡುತ್ತೀಯ, ನನ್ನ ಕೈಗೆ ಗೊತ್ತಾಗುತ್ತದೆ.

ಹಿಂದೆ ನಾನಿರುತ್ತೇನೆ.

ನಾಗು ಮಾವ